ಹಲ್ಲು ನೋಡಿ ಕೊಳ್ಳುವ ಕುದುರೆ

ಕೋಟಿಗಟ್ಟಲೆ ಸುರಿದು ತಂದ ಸ್ಪೋರ್ಟ್ಸ್ ಕಾರು ಐದು ವರ್ಷದಲ್ಲಿ ಅರ್ಧ ಬೆಲೆಗೆ ಇಳಿಯುವುದೂ ಉಂಟು, ಕೊಂಡ ಬೆಲೆಯನ್ನೇ ಮೀರಿ ಏರುವುದೂ ಉಂಟು. ಒಂದಕ್ಕೆ ಆ ಭಾಗ್ಯ, ಇನ್ನೊಂದಕ್ಕೆ ಈ ಗತಿ ಯಾಕೆ?

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಮಾರುವ ಮಳಿಗೆಯೊಂದರಲ್ಲಿ ಈಚೆಗೆ ಒಂದು ಮಧ್ಯಾಹ್ನ ಕಳೆದೆ. ಮಾರಾಟಕ್ಕೆ ನಿಂತಿದ್ದದ್ದು ಬಿಳಿ ಬಣ್ಣದ ಪೋರ್ಶೆ 911. ಕೊಳ್ಳುವವರ ಪರವಾಗಿ ಗಾಡಿ ನೋಡಲು ಬಂದವರು ಐವತ್ತು ದಾಟಿದ ಮೆಕ್ಯಾನಿಕ್. ಅವರು ಎಂಜಿನ್ ಶುರು ಮಾಡಿಸಲಿಲ್ಲ, ಸೀಟಿನಲ್ಲೂ ಕೂರಲಿಲ್ಲ. ಸೀದಾ ಹೋಗಿ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಮೊಬೈಲ್ ಟಾರ್ಚ್ ಹಾಕಿ, ಟೈರಿನ ಮೈಮೇಲೆ ಅಚ್ಚಾದ ನಾಲ್ಕು ಅಂಕಿ ಹುಡುಕಿದರು. 2319. ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು.

‘ನಮ್ಮೂರ ಕಡೆ ಜಾತ್ರೇಲಿ ಎತ್ತಿನ ಬಾಯಿ ಬಿಡ್ಸಿ ಹಲ್ಲು ನೋಡ್ತಾರಲ್ಲ ಸಾರ್, ಇದೂ ಹಂಗೇ’ ಎಂದರು. ‘ಮೀಟರು 9 ಸಾವಿರ ಕಿಲೊಮೀಟರ್ ಅಂತಿದೆ. ಟೈರು ಕಂಪನಿಯಿಂದ ಬಂದದ್ದೇ. ಅಲ್ಲಿಗೆ ಮೀಟರು ಸುಳ್ಳು ಹೇಳ್ತಿಲ್ಲ. ಆದ್ರೆ ರಬ್ಬರು ಗಟ್ಟಿಯಾಗಿದೆ, ನಾಲ್ಕೂ ಹೊಸದು ಹಾಕಿಸ್ಬೇಕು. ಅಷ್ಟನ್ನ ರೇಟಲ್ಲಿ ಮುರ್ಕೊಳ್ಳೋಣ.’

ಆಮೇಲೆ ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಯಂತ್ರವೊಂದನ್ನು ತೆಗೆದು ಕಾರಿನ ಮೈಗೆ ಅಲ್ಲಲ್ಲಿ ಒತ್ತುತ್ತ ಬಂದರು. ಬಣ್ಣದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳುವ ಮೀಟರು ಅದು. ಬಾಗಿಲ ಮೇಲೆ 115, ಬಾನೆಟ್ ಮೇಲೆ 120. ಬಲಗಡೆಯ ಹಿಂದಿನ ಮಡ್‌ಗಾರ್ಡ್ ಹತ್ತಿರ ಬಂದಾಗ 260. ಅವರು ತಲೆಯೆತ್ತಿ ಕಾರಿನ ಮಾಲೀಕರ ಮುಖ ನೋಡಿದರು. ಮಾಲೀಕರು ಗೋಡೆಯ ಕಡೆ ನೋಡಿದರು. ಯಾವಾಗಲೋ ಅಲ್ಲಿ ಗೀಚಿದೆ, ಮೇಲೆ ಬಣ್ಣ ಹೊಡೆಸಿದ್ದಾರೆ. ಎರಡು ತಲೆಗೂದಲಿನಷ್ಟು ದಪ್ಪದ ಆ ಹೆಚ್ಚುವರಿ ಬಣ್ಣ ಅವತ್ತು ಬೆಲೆಯಿಂದ ಕೆಲವು ಲಕ್ಷವನ್ನು ಕೆರೆದು ಹಾಕಿತು.

ಫೆರಾರಿಯ ಲಾಂಛನದಲ್ಲಿ ಕುದುರೆ ಇದೆ. ಪೋರ್ಶೆಯ ಲಾಂಛನದ ನಡುವೆ ಇರುವುದೂ ಸ್ಟುಟ್‌ಗಾರ್ಟ್ ನಗರದ ಕುದುರೆಯೇ. ಹೊಸದನ್ನು ಕೊಳ್ಳುವಾಗ ಜನ ಆ ಕುದುರೆಯ ಓಟಕ್ಕೆ ಮರುಳಾಗುತ್ತಾರೆ. ಎರಡನೇ ಸಲ ಕೊಳ್ಳುವವರು ಹಲ್ಲು ನೋಡುತ್ತಾರೆ. ಕಾರಿನ ನಿಜವಾದ ಬೆಲೆ ಗೊತ್ತಾಗುವುದು ಈ ಎರಡನೆಯವರ ಕೈಯಲ್ಲಿ.

ಎಲ್ಲ ಕಾರೂ ಇಳಿಯುತ್ತದೆ, ಆದರೆ...

ಷೋರೂಮಿನಿಂದ ಹೊರಬಿದ್ದ ಗಾಡಿ ಬೆಲೆ ಕಳೆದುಕೊಳ್ಳುವುದು ಹೊಸ ಸುದ್ದಿಯೇನಲ್ಲ. ನಮ್ಮ ವಿಮಾ ಕಂಪನಿಗಳ ಪಟ್ಟಿಯಲ್ಲೇ ಅದರ ಲೆಕ್ಕವಿದೆ. ಆರು ತಿಂಗಳೊಳಗೆ ಶೇ 5, ವರ್ಷ ತುಂಬುವಷ್ಟರಲ್ಲಿ ಶೇ 15, ಎರಡನೇ ವರ್ಷಕ್ಕೆ ಶೇ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಮನೆಮಂದಿಯ ಹ್ಯಾಚ್‌ಬ್ಯಾಕ್‌ಗೂ ಮೂರು ಕೋಟಿಯ ಕಾರಿಗೂ ಪಟ್ಟಿ ಒಂದೇ. ಮಾರುಕಟ್ಟೆ ಮಾತ್ರ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಅಮೆರಿಕದಲ್ಲಿ ಹಳೆಯ ಕಾರುಗಳ ಬೆಲೆಯ ಜಾಡು ಹಿಡಿಯುವ ಐಸೀಕಾರ್ಸ್ ಸಂಸ್ಥೆ 2025ರಲ್ಲಿ ಲೆಕ್ಕವೊಂದನ್ನು ಬಿಡುಗಡೆ ಮಾಡಿತು. ಅಲ್ಲಿನ ಕಾರುಗಳು ಐದು ವರ್ಷದಲ್ಲಿ ಸರಾಸರಿ ಶೇ 45ರಷ್ಟು ಬೆಲೆ ಕಳೆದುಕೊಳ್ಳುತ್ತವೆ. ಪೋರ್ಶೆ 911 ಕಳೆದುಕೊಳ್ಳುವುದು ಶೇ 20ರ ಆಸುಪಾಸು. ಪಟ್ಟಿಯ ಇನ್ನೊಂದು ತುದಿಯಲ್ಲಿದ್ದದ್ದು ಜಾಗ್ವಾರ್ ಐ-ಪೇಸ್ ಎಂಬ ವಿದ್ಯುತ್ ಕಾರು. ಅದು ಕಳೆದುಕೊಂಡದ್ದು ಶೇ 70ಕ್ಕೂ ಹೆಚ್ಚು. ಎರಡೂ ಹೆಸರುವಾಸಿ ಕಂಪನಿಗಳವು, ಎರಡೂ ದುಬಾರಿ, ಎರಡನ್ನೂ ಕೊಂಡವರು ಉಳ್ಳವರೇ.

‘ಚೆನ್ನಾಗಿರುವ ಕಾರು ಬೆಲೆ ಉಳಿಸಿಕೊಳ್ಳುತ್ತದೆ’ ಎಂದು ಮಾತು ಮುಗಿಸಲು ಬರುವುದಿಲ್ಲ. ದೊಡ್ಡ ಜರ್ಮನ್ ಸೆಡಾನುಗಳು ಬಹಳ ಚೆನ್ನಾದ ಕಾರುಗಳು, ಆದರೂ ಅವುಗಳ ಬೆಲೆ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯುತ್ತದೆ. ಬೆಲೆಯನ್ನು ಹಿಡಿದು ನಿಲ್ಲಿಸುವ ಕೈಗಳು ಬೇರೆ ಇವೆ.

‘ಇಲ್ಲ’ ಎನ್ನುವವರ ಅಂಗಡಿ

ಮೊದಲನೆಯ ಕೈ ಕಂಪನಿಯದ್ದು. ಗಿರಾಕಿ ಬಾಗಿಲಲ್ಲಿ ನಿಂತಾಗ ‘ಇಲ್ಲ’ ಎನ್ನುವ ಧೈರ್ಯ ಅದಕ್ಕೆ ಎಷ್ಟಿದೆ ಎಂಬುದರ ಮೇಲೆ ಅರ್ಧ ಆಟ ನಿಂತಿದೆ.

ಇಟಲಿಯ ಮರನೆಲ್ಲೊದಲ್ಲಿರುವ ಫೆರಾರಿ ಈ ವಿದ್ಯೆಯಲ್ಲಿ ಪಳಗಿದ ಮನೆ. ಮಾರುಕಟ್ಟೆ ಕೇಳುವುದಕ್ಕಿಂತ ಒಂದು ಕಾರು ಕಡಿಮೆ ಮಾಡಬೇಕು ಎಂಬುದು ಎಂಝೊ ಫೆರಾರಿ ಹಾಕಿಕೊಟ್ಟ ನೀತಿ ಎನ್ನುತ್ತಾರೆ. 2023ರಲ್ಲಿ ಕಂಪನಿ ರವಾನಿಸಿದ್ದು 13,663 ಕಾರು, 2024ರಲ್ಲಿ 13,752. ಒಂದು ವರ್ಷಕ್ಕೆ ಏರಿಕೆ ನೂರು ಕಾರೂ ಇಲ್ಲ. ಬೇಡಿಕೆ ಇಲ್ಲವೆಂದು ಹೀಗಾಗಿದ್ದಲ್ಲ. ನಲ್ಲಿಯನ್ನು ಎಷ್ಟು ತಿರುಗಿಸಬೇಕೋ ಅಷ್ಟೇ ತಿರುಗಿಸಿದ್ದಾರೆ.

ನಲ್ಲಿ ಜಾಸ್ತಿ ಬಿಟ್ಟವರ ಕಥೆಯೂ ಇದೆ. ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಕಾರುಗಳ ಅಂದಕ್ಕೆ ಯಾರೂ ಹೆಸರಿಡುವುದಿಲ್ಲ. ಆದರೆ ಬೇಡಿಕೆಗಿಂತ ಹೆಚ್ಚು ಕಾರು ಡೀಲರುಗಳ ಅಂಗಳದಲ್ಲಿ ಕೂತವು. ಕೂತ ಮಾಲು ರಿಯಾಯಿತಿ ಬೇಡುತ್ತದೆ. ಹೊಸ ಕಾರಿಗೇ ರಿಯಾಯಿತಿ ಸಿಗುವುದಾದರೆ ನಿನ್ನೆ ಪೂರ್ತಿ ಬೆಲೆ ಕೊಟ್ಟು ಕೊಂಡವನ ಕಾರಿನ ಗತಿ ಏನು? 2020ರಲ್ಲಿ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಕಂಪನಿಯ ಚುಕ್ಕಾಣಿ ಹಿಡಿದಾಗ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲೊಂದು ಈ ದಾಸ್ತಾನು ಕರಗಿಸುವುದು.

ಕಡಿಮೆ ಸಂಖ್ಯೆಯೊಂದೇ ಸಾಕು ಎಂದುಕೊಂಡವರಿಗೆ ಜಾಗ್ವಾರ್ ಎಕ್ಸ್‌ಜೆ220 ಪಾಠ ಕಲಿಸಿತು. 1988ರ ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ 12 ಸಿಲಿಂಡರಿನ ಮಾದರಿಯನ್ನು ಕಂಡವರು 50 ಸಾವಿರ ಪೌಂಡ್ ಮುಂಗಡ ಕಟ್ಟಲು ಸಾಲುಗಟ್ಟಿದರು. ಅವರಲ್ಲಿ ಹಲವರಿಗೆ ಕಾರು ಬೇಕಿರಲಿಲ್ಲ. ಸರದಿಯ ಚೀಟಿಯನ್ನೇ ಲಾಭಕ್ಕೆ ಮಾರುವ ಉಮೇದು. ಕಾರು 1992ರಲ್ಲಿ ಹೊರಬಂದಾಗ ಎಂಜಿನ್ ಆರು ಸಿಲಿಂಡರಿನದಾಗಿತ್ತು, ಬೆಲೆ 4.7 ಲಕ್ಷ ಪೌಂಡಿಗೆ ಹತ್ತಿತ್ತು, ಜೊತೆಗೆ ಆರ್ಥಿಕ ಹಿಂಜರಿತ ಬಂದು ಕೂತಿತ್ತು. ಮುಂಗಡ ಕಟ್ಟಿದವರೇ ಕೋರ್ಟಿನ ಮೆಟ್ಟಿಲು ಹತ್ತಿದರು. ಮುನ್ನೂರರ ಒಳಗೇ ಕಾರು ತಯಾರಾದರೂ ಕಂಪನಿಗೆ ಮಾರುವುದು ಕಷ್ಟವಾಯಿತು.

ಅದೇ ಕಾಲದ ಮೆಕ್‌ಲಾರೆನ್ ಎಫ್1 ಕೂಡ ಹೊಸದಿದ್ದಾಗ ಬಿಸಿ ದೋಸೆಯಂತೆ ಖರ್ಚಾದದ್ದಲ್ಲ. ಮುನ್ನೂರು ಮಾಡಬೇಕೆಂದಿದ್ದವರು 106ಕ್ಕೆ ನಿಲ್ಲಿಸಿದರು. 2021ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ ಅವುಗಳಲ್ಲೊಂದು 2 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಎರಡೂವರೆ ದಶಕದಲ್ಲಿ ಆ ಕಾರು ಓಡಿದ್ದು 400 ಕಿಲೊಮೀಟರೂ ಇಲ್ಲ.

ವರ್ಷಕ್ಕೆ 50 ಸಾವಿರ, ಆದರೂ ಗಟ್ಟಿ

ಇಲ್ಲೊಂದು ತೊಡಕಿದೆ. ಪೋರ್ಶೆ 911 ಅಪರೂಪದ ಕಾರೇ ಅಲ್ಲ. 2024 ಒಂದರಲ್ಲೇ ಜಗತ್ತಿನಾದ್ಯಂತ ಸುಮಾರು 51 ಸಾವಿರ 911ಗಳು ಗಿರಾಕಿಗಳ ಕೈ ಸೇರಿವೆ. ಫೆರಾರಿ ಕಳುಹಿಸಿದ ಒಟ್ಟು ಕಾರುಗಳ ಮೂರೂವರೆ ಪಟ್ಟಿಗೂ ಇದು ಹೆಚ್ಚು. ಹಾಗಿದ್ದೂ ಬೆಲೆ ಕುಸಿಯದಿರುವುದು ಹೇಗೆ?

ಉತ್ತರ ಆ ಕಾರಿನ ಆಕಾರದಲ್ಲೇ ಇದೆ. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಇದು 901 ಎಂಬ ಹೆಸರಿನಲ್ಲಿ ಬಂತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತನ್ನದೆಂದು ಫ್ರಾನ್ಸಿನ ಪೂಜೊ ತಕರಾರು ತೆಗೆದದ್ದರಿಂದ ಮರುವರ್ಷ 911 ಆಯಿತು. ಅಂದಿನಿಂದ ಇಂದಿನವರೆಗೆ ದುಂಡು ಕಣ್ಣು, ಹಿಂದಕ್ಕೆ ಜಾರುವ ಬೆನ್ನು, ಹಿಂಭಾಗದಲ್ಲಿ ಮಲಗಿದ ಆರು ಸಿಲಿಂಡರಿನ ಎಂಜಿನ್. ಹೊಸ ಮಾದರಿ ಬಂದರೆ ಹಳೆಯದು ಮುದುಕನಂತೆ ಕಾಣುವುದಿಲ್ಲ, ಅಣ್ಣನಂತೆ ಕಾಣುತ್ತದೆ. ಅರವತ್ತು ವರ್ಷದ ಈ ವಂಶಾವಳಿಯೇ ಹಳೆಯ 911ರ ಜಾಮೀನು.

ವಂಶದ ಮುಖ ಕೆಟ್ಟಾಗ ಬೆಲೆಯೂ ಕೆಟ್ಟಿದೆ. 1998ರಲ್ಲಿ ಗಾಳಿಯಿಂದ ತಣಿಯುವ ಎಂಜಿನ್ನಿನ ಕೊನೆಯ 911 ನಿಂತು, ನೀರಿನಿಂದ ತಣಿಯುವ, 996 ಎಂಬ ಸಂಕೇತದ 911 ಅದರ ಜಾಗಕ್ಕೆ ಬಂತು. ಪೋರ್ಶೆಯದೇ ಅಗ್ಗದ ಬಾಕ್ಸ್‌ಟರ್ ಕಾರಿನ ಹೆಡ್‌ಲೈಟನ್ನೇ ಹೋಲುವ ಕಣ್ಣು ಅದಕ್ಕೆ. ಒಡೆದು ಹರಡಿದ ಹುರಿದ ಮೊಟ್ಟೆಯಂತಿದೆ ಎಂದು ಅಭಿಮಾನಿಗಳು ಮೂಗು ಮುರಿದರು. ಎಂಜಿನ್ನಿನೊಳಗಿನ ಬೇರಿಂಗ್ ಒಂದು ಒಡೆದರೆ ಇಡೀ ಎಂಜಿನ್ ಹೋಗುತ್ತದೆ ಎಂಬ ಭಯ ಬೇರೆ ಹಬ್ಬಿತು. ಬಹುಕಾಲ ಅತಿ ಅಗ್ಗದ 911 ಎಂದರೆ 996 ಎಂಬಂತಾಯಿತು. ಅದಕ್ಕಿಂತ ಹಳೆಯ, ನಿಧಾನದ 993 ಮಾತ್ರ ‘ಕೊನೆಯ ಗಾಳಿ ಎಂಜಿನ್’ ಎಂಬ ಒಂದೇ ಬಿರುದಿನಿಂದ ಮೇಲೇರುತ್ತ ಹೋಯಿತು.

991 ಕಾರುಗಳ ಒಂದು ವರ್ಷದ ವೈಭವ

ಬೆಲೆ ಎಂಬುದು ಎಷ್ಟು ನಾಜೂಕಿನ ಗಾಜು ಎಂಬುದಕ್ಕೆ 911 ಆರ್ ಕಾರಿನ ಕಥೆಯಷ್ಟು ಚೆನ್ನಾದ ಸಾಕ್ಷಿ ಬೇರೆ ಸಿಗದು.

ಪೋರ್ಶೆ 2013ರಲ್ಲಿ ತನ್ನ 911 ಜಿಟಿ3 ಕಾರಿನಿಂದ ಕ್ಲಚ್ ಪೆಡಲನ್ನೇ ತೆಗೆದುಹಾಕಿತು. ಗೇರನ್ನು ಕೈಯಲ್ಲಿ ಹಾಕುವುದೇ ಸುಖ ಎಂದು ನಂಬಿದ ಹಳಬರಿಗೆ ಅದು ಅವಮಾನದಂತೆ ಕಂಡಿತು. 2016ರ ಮಾರ್ಚಿನಲ್ಲಿ ಜಿನೀವಾದಲ್ಲಿ ಕಂಪನಿ 911 ಆರ್ ತೋರಿಸಿತು. 4 ಲೀಟರ್ ಎಂಜಿನ್, 500 ಅಶ್ವಶಕ್ತಿ, ಹಿಂದೆ ದೊಡ್ಡ ರೆಕ್ಕೆ ಇಲ್ಲ, ಆರು ಗೇರಿನ ಮ್ಯಾನ್ಯುವಲ್ ಮಾತ್ರ. ಮಾಡುವುದು 991 ಕಾರು, ಮತ್ತೆ ಇಲ್ಲ. ಅಮೆರಿಕದಲ್ಲಿ ಷೋರೂಮ್ ಬೆಲೆ ಸುಮಾರು 1.85 ಲಕ್ಷ ಡಾಲರು. ಕೆಲವೇ ತಿಂಗಳಲ್ಲಿ ಅದಕ್ಕೆ ಎರಡು, ಮೂರು, ಇನ್ನೂ ಹೆಚ್ಚು ಪಟ್ಟು ಬೆಲೆ ಹೇಳುವ ಜಾಹೀರಾತುಗಳು ಬಂದವು. ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದ ಕಾರುಗಳು ಕೈಯಿಂದ ಕೈಗೆ ಹೋದವು.

ಕಂಪನಿಗೆ ಇದು ಹಿಡಿಸಲಿಲ್ಲ. ಓಡಿಸಲೆಂದು ಮಾಡಿದ ಕಾರು ತಿಜೋರಿ ಸೇರಿತ್ತು, ಲಾಭವೆಲ್ಲ ಮಧ್ಯವರ್ತಿಗಳ ಪಾಲಾಗಿತ್ತು. 2017ರಲ್ಲಿ ಹೊಸ ಜಿಟಿ3ಗೆ ಮ್ಯಾನ್ಯುವಲ್ ಗೇರು ಮರಳಿ ಬಂತು. ಅದೇ ಸೆಪ್ಟೆಂಬರಿನಲ್ಲಿ ರೆಕ್ಕೆಯಿಲ್ಲದ ‘ಟೂರಿಂಗ್’ ಕೂಡ ಬಂತು. ಅಷ್ಟೇ ದೊಡ್ಡ ಎಂಜಿನ್, ಹೆಚ್ಚುಕಡಿಮೆ ಅದೇ ರೂಪ, ಇಷ್ಟೇ ಸಂಖ್ಯೆ ಎಂಬ ಮಿತಿ ಇಲ್ಲ. ತುತ್ತತುದಿಯ ಬೆಲೆ ಕೊಟ್ಟು ಆರ್ ಕೊಂಡವರ ಕಾಲಡಿಯ ಮಣ್ಣು ಕುಸಿಯಿತು. ಷೋರೂಮ್ ಬೆಲೆಗೆ ಕೊಂಡವರು ಆಗಲೂ ಲಾಭದಲ್ಲೇ ಇದ್ದರು. ಕಾರು ಅದೇ, ಅದರ ಒಂದು ಬೋಲ್ಟೂ ಬದಲಾಗಿರಲಿಲ್ಲ.

ಅಲ್ಲಿಂದ ಕಂಪನಿಗಳು ಬಾಗಿಲಿಗೆ ಇನ್ನಷ್ಟು ಅಗುಳಿ ಹಾಕಿವೆ. ಫೋರ್ಡ್ ತನ್ನ ಜಿಟಿ ಕಾರು ಕೊಂಡವರಿಂದ ಎರಡು ವರ್ಷ ಮಾರುವುದಿಲ್ಲ ಎಂದು ಬರೆಸಿಕೊಂಡಿತ್ತು. ಕುಸ್ತಿಪಟು, ನಟ ಜಾನ್ ಸೀನಾ ಬೇಗ ಮಾರಿಬಿಟ್ಟಾಗ 2017ರಲ್ಲಿ ಅವರ ಮೇಲೇ ದಾವೆ ಹೂಡಿತು. ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. 2023ರಲ್ಲಿ 1,963 ಸಂಖ್ಯೆಗೆ ಸೀಮಿತವಾದ 911 ಎಸ್/ಟಿ ಬಂದಾಗ ಪೋರ್ಶೆ ಅಮೆರಿಕದಲ್ಲಿ ಇನ್ನೂ ಜಾಣತನ ಮಾಡಿತು. ಮೊದಲ ವರ್ಷ ಕಾರು ಲೀಸಿನ ಮೇಲೆ ಮಾತ್ರ. ಕಾರು ನಿಮ್ಮ ಹೆಸರಿಗೇ ಬರದಿದ್ದರೆ ಮಾರುವುದೆಲ್ಲಿಂದ?

ಮುಂದಿನವನ ಭಯ

ಎರಡನೆಯ ಕೈ ಮುಂದಿನ ಗಿರಾಕಿಯದ್ದು. ಹಳೆಯ ಕಾರು ಕೊಳ್ಳುವವನು ಬೆಲೆ ಕಟ್ಟುವುದು ಕಾರಿಗಲ್ಲ, ತನ್ನ ಭಯಕ್ಕೆ. ತೊಂಬತ್ತರ ದಶಕದ ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಅಂಥ ಖರ್ಚು ಮುಂದಿದೆ ಎಂದು ಗೊತ್ತಿದ್ದವನು ಅದನ್ನು ಮೊದಲೇ ಬೆಲೆಯಲ್ಲಿ ಕಳೆಯುತ್ತಾನೆ. ಈಗ ಫೆರಾರಿ ಹೊಸ ಕಾರಿನ ಜೊತೆ ಏಳು ವರ್ಷದ ನಿಗದಿತ ಸರ್ವಿಸ್ ಸೇರಿಸಿ ಕೊಡುವುದು ಮೊದಲ ಗಿರಾಕಿಯ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ, ಎರಡನೆಯವನ ಭಯ ಇಳಿಸಲಿಕ್ಕೂ ಹೌದು.

ವಿದ್ಯುತ್ ಸ್ಪೋರ್ಟ್ಸ್ ಕಾರುಗಳು ಸೋತಿರುವುದು ಇದೇ ಕಟ್ಟೆಯಲ್ಲಿ. 2019ರಲ್ಲಿ ಬಂದ ಪೋರ್ಶೆ ಟೈಕಾನಿನ ಬಲಿಷ್ಠ ಮಾದರಿಗಳು ನಿಂತಲ್ಲಿಂದ ಚಿಮ್ಮುವುದರಲ್ಲಿ ಬಹುಪಾಲು 911ಗಳನ್ನು ಹಿಂದಿಕ್ಕುತ್ತವೆ. ಲಾಂಛನವೂ ಅದೇ. ಆದರೆ ಹಳೆಯ ಟೈಕಾನ್ ಕೊಳ್ಳಲು ಬಂದವನ ತಲೆಯಲ್ಲಿ ಎರಡೇ ಪ್ರಶ್ನೆ: ಬ್ಯಾಟರಿ ಎಷ್ಟು ದಿನ ಬಾಳುತ್ತದೆ, ನಾಳೆ ಬರುವ ಹೊಸದು ಇನ್ನೆಷ್ಟು ದೂರ ಓಡುತ್ತದೆ? 911ಕ್ಕೆ ಅಣ್ಣನ ಸ್ಥಾನ ಸಿಕ್ಕರೆ ಟೈಕಾನ್‌ಗೆ ಸಿಗುವುದು ಹಳೆಯ ಮೊಬೈಲಿನ ಸ್ಥಾನ.

ಮೊದಲ ಮಾಲೀಕನ ರುಚಿಯೂ ಇಲ್ಲಿ ತೂಗುತ್ತದೆ. ಪೋರ್ಶೆಯಲ್ಲಿ ಏಸಿ ಗಾಳಿ ಬರುವ ಕಿಂಡಿಯ ಪಟ್ಟಿಗಳಿಗೂ ಬೇಕಾದ ಬಣ್ಣ ಹಾಕಿಸಿಕೊಳ್ಳಬಹುದು, ಅದಕ್ಕೆ ಬೇರೆ ದುಡ್ಡು. ಚಿನ್ನದ ಒಡವೆ ಮಾರಲು ಹೋದವರಿಗೆ ಇದು ಹೊಸತಲ್ಲ. ತೂಕಕ್ಕೆ ಬೆಲೆ ಬರುತ್ತದೆ, ಮಜೂರಿ ಮತ್ತು ವೇಸ್ಟೇಜ್ ಹೋದದ್ದು ಹೋದಂತೆಯೇ. ಮ್ಯಾನ್ಯುವಲ್ ಗೇರು ಚಿನ್ನದ ತೂಕ, ಬಣ್ಣದ ಕಿಂಡಿ ಮಜೂರಿ.

ನಮ್ಮ ರಸ್ತೆಯ ಲೆಕ್ಕ

ನಮ್ಮಲ್ಲಿ ಮೂರನೆಯ ಕೈಯೊಂದು ಇದೆ, ಅದು ಸರ್ಕಾರದ್ದು. ವಿದೇಶದಿಂದ ಪೂರ್ತಿ ಜೋಡಿಸಿಯೇ ಬರುವ ದುಬಾರಿ ಕಾರಿಗೆ ಆಮದು ಹಂತದಲ್ಲೇ ಶೇ 110ರಷ್ಟು ತೆರಿಗೆ. ಬಂದರಿಗೆ ಬಂದಾಗ 1 ಕೋಟಿ ಇದ್ದದ್ದು 2.10 ಕೋಟಿ. ಅದರ ಮೇಲೆ 2025ರ ಸೆಪ್ಟೆಂಬರಿನಿಂದ ಶೇ 40 ಜಿಎಸ್‌ಟಿ. ಅಲ್ಲಿಗೆ 2.94 ಕೋಟಿ. ಕರ್ನಾಟಕದಲ್ಲಿ ಇಂಥ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಡೀಲರಿನ ಲಾಭ, ವಿಮೆ ಎಲ್ಲ ಬಿಟ್ಟೂ ಲೆಕ್ಕ ಮೂರೂವರೆ ಕೋಟಿಯ ಬಳಿ ಬಂದು ನಿಲ್ಲುತ್ತದೆ. ಮೂರೂವರೆ ರೂಪಾಯಿಯಲ್ಲಿ ಕಾರು ಒಂದು ರೂಪಾಯಿ, ಉಳಿದದ್ದು ತೆರಿಗೆ.

ಹೊಸ ಕಾರಿಗೆ ಈ ಹೊರೆ ಇರುವವರೆಗೆ ಹಳೆಯ ಕಾರಿನ ಬೆಲೆಯೂ ಅದರ ಆಸರೆಯಲ್ಲಿ ನಿಂತಿರುತ್ತದೆ. ತೆರಿಗೆ ಇಳಿದ ದಿನ ಆಸರೆ ಜಾರುತ್ತದೆ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಪ್ರಕಾರ ಬ್ರಿಟಿಷ್ ಕಾರಿನ ಆಮದು ಸುಂಕ ನಿಗದಿತ ಸಂಖ್ಯೆಗೆ ಒಳಪಟ್ಟು ಹಂತಹಂತವಾಗಿ ಶೇ 10ಕ್ಕೆ ಇಳಿಯಲಿದೆ. ಹೊಸ ಬ್ರಿಟಿಷ್ ಕಾರು ಕೊಳ್ಳುವವನಿಗೆ ಇದು ಸಿಹಿ ಸುದ್ದಿ, ಹಳೆಯದು ಮಾರಲು ನಿಂತವನಿಗೆ ಕಹಿ.

ಜೀವಾವಧಿ ತೆರಿಗೆ ರಾಜ್ಯದ ಗಡಿಯೊಳಗೆ ಮಾತ್ರ ಜೀವಾವಧಿ. ಬೆಂಗಳೂರಿನ ಕಾರನ್ನು ಹೈದರಾಬಾದಿನವರು ಕೊಂಡರೆ ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಮೊದಲೇ ಬೆರಳೆಣಿಕೆಯ ಗಿರಾಕಿಗಳು, ಅವರನ್ನೂ ಗಡಿ ಹಂಚಿಬಿಡುತ್ತದೆ. ಹೊರರಾಜ್ಯದ ನಂಬರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಇಲ್ಲೇ ಓಡಿಸುವವರ ಲೆಕ್ಕವೂ ತಪ್ಪುವುದುಂಟು. 2025ರಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದಕ್ಕೆ ಬೆಂಗಳೂರಿನ ಆರ್‌ಟಿಒ ಕಚೇರಿ ವಸೂಲು ಮಾಡಿದ ತೆರಿಗೆ, ದಂಡ ಸೇರಿ 1.4 ಕೋಟಿ ರೂಪಾಯಿ ದಾಟಿತ್ತು.

ನಮ್ಮ ರಸ್ತೆಗಳಿಗೇ ಹೊಂದುವ ಒಂದು ಮಜೂರಿ ಮಾತ್ರ ಪೂರ್ತಿ ವಾಪಸು ಬರುತ್ತದೆ ಎಂದು ಆ ಮೆಕ್ಯಾನಿಕ್ ನಗುತ್ತ ಹೇಳಿದರು. ಗುಂಡಿ ಒತ್ತಿದರೆ ಕಾರಿನ ಮೂತಿ ಮೇಲೇಳುವ ಸೌಕರ್ಯ ಅದು. ಹಂಪು ದಾಟದ ಕಾರನ್ನು ಬೆಂಗಳೂರಿನಲ್ಲಿ ಯಾರು ಕೊಂಡಾರು?

ಕಟ್ಟಿಹಾಕಿದ ಎತ್ತು

ಅವರ ಪರೀಕ್ಷೆಯ ಕೊನೆಯ ಘಟ್ಟ ಲ್ಯಾಪ್‌ಟಾಪಿನದು. ಕಾರಿನ ಕಂಪ್ಯೂಟರಿಗೆ ತಂತಿ ಸಿಕ್ಕಿಸಿದಾಗ ಎಂಜಿನ್ ಮಿತಿಮೀರಿ ಸುತ್ತಿದ ಸಂದರ್ಭಗಳು ಆರು ದರ್ಜೆಗಳಲ್ಲಿ ತೆರೆದುಕೊಂಡವು. ಮೇಲಿನ ದರ್ಜೆಗಳೆಲ್ಲ ಸೊನ್ನೆ. ಎಂಜಿನ್ ಓಡಿದ ಗಂಟೆ ಸುಮಾರು 360. ಅವರು ಮನಸ್ಸಿನಲ್ಲೇ ಭಾಗಿಸಿದರು. ‘9 ಸಾವಿರ ಕಿಲೊಮೀಟರಿಗೆ 360 ಗಂಟೆ. ಗಂಟೆಗೆ 25. ನಮ್ಮ ಟ್ರಾಫಿಕ್ಕಿಗೆ ಕರೆಕ್ಟಾಗಿದೆ ಸಾರ್.’ ಗಂಟೆಗೆ 300 ಕಿಲೊಮೀಟರಿನ ಹತ್ತಿರ ಹೋಗಬಲ್ಲ ಕುದುರೆ ಬಾಳಿದ್ದು ಸೈಕಲ್ ಸವಾರನಿಗಿಂತ ಸ್ವಲ್ಪ ಮೇಲೆ.

ಆಮೇಲೆ ಅವರು ಕೀಲಿ ಕೇಳಿದರು. ಮಾಲೀಕರು ಕೊಡಲು ಅನುಮಾನಿಸಿದರು. ‘ಜಾಸ್ತಿ ದೂರ ಹೋಗ್ಬೇಡಿ, ಕಿಲೊಮೀಟರ್ ಏರುತ್ತೆ’ ಎಂದರು. ಐದು ಅಂಕಿ ಮುಟ್ಟಿದರೆ ಬೆಲೆ ಇಳಿಯುತ್ತದೆಂದು ಅವರು ವರ್ಷಗಟ್ಟಲೆ ಕಾರನ್ನು ಬಟ್ಟೆ ಹೊದಿಸಿ ಇಟ್ಟಿದ್ದವರು.

‘ಕಟ್ಟಿ ಹಾಕಿದ ಎತ್ತು ಕಾಲು ಕಟ್ಕೊಳುತ್ತೆ ಸಾರ್’ ಎಂದರು ಮೆಕ್ಯಾನಿಕ್. ನಿಂತ ಕಾರಿನ ರಬ್ಬರ್ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ, ಟ್ಯಾಂಕಿನ ಪೆಟ್ರೋಲು ಹಳಸುತ್ತದೆ, ನಿಂತಲ್ಲೇ ಟೈರು ಚಪ್ಪಟೆಯಾಗುತ್ತದೆ. ಕಾಗದದ ಮೇಲೆ ಉಳಿಸಿದ್ದನ್ನು ಗ್ಯಾರೇಜಿನಲ್ಲಿ ಕೊಡಬೇಕಾಗುತ್ತದೆ. ಅವರು ಹೊಸ ಟೈರು, ಬ್ಯಾಟರಿ, ಮಡ್‌ಗಾರ್ಡಿನ ಬಣ್ಣ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಮಡಚಿ ಮಾಲೀಕರ ಕೈಗಿಟ್ಟರು. ಮಾಲೀಕರು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೀಲಿ ಕೊಟ್ಟರು.

ಹಿಂದಿನ ಎಂಜಿನ್ ಕೆಮ್ಮಿ ಎದ್ದಾಗ ಮಳಿಗೆಯ ಹುಡುಗರೆಲ್ಲ ಬಾಗಿಲಿಗೆ ಬಂದು ನಿಂತರು. ಕಾರು ಮೂತಿ ಎತ್ತಿ, ಗೇಟಿನ ಮುಂದಿನ ಹಂಪು ಹತ್ತಿ ಇಳಿದು, ರಸ್ತೆ ಸೇರಿತು. ಮಾಲೀಕರೂ ನನ್ನ ಪಕ್ಕ ಬಂದು ನಿಂತು ಆ ಸದ್ದನ್ನೇ ಕೇಳುತ್ತಿದ್ದರು. ‘ಹೊರಗಿನಿಂದ ಹಿಂಗೆ ಕೇಳ್ಸುತ್ತೆ ಅಂತ ಗೊತ್ತೇ ಇರ್ಲಿಲ್ಲ’ ಎಂದರು.